ಶುಕ್ರವಾರ ಹತ್ತು ಗಂಟೆಯ ಮೆಸೇಜು

"ಓದಿ ಇದನ್ನ!"

ಗ್ರೀಸು ಮೆತ್ತಿದ ಕೈಯೊಂದು ಗಾಜು ಒಡೆದ ಫೋನನ್ನು ತಂದು ಕೌಂಟರಿನ ಮೇಲೆ ಇಟ್ಟಿತು. ಇಟ್ಟ ರಭಸಕ್ಕೆ, ಸಾಲಾಗಿ ಜೋಡಿಸಿದ್ದ ಸೋಪುಗಳಲ್ಲಿ ಎರಡು ಉರುಳಿ ನೆಲಕ್ಕೆ ಬಿದ್ದವು.

ಸೋಪಿನಂಗಡಿಯವಳು ತಲೆಯೆತ್ತಿ ನೋಡಿದಳು. ನೀಲಿ ಯೂನಿಫಾರ್ಮು, ಹೆಗಲಲ್ಲಿ ಹತ್ಯಾರದ ಚೀಲ, ಜೇಬಿನ ಮೇಲೆ ಲಿಫ್ಟ್ ಮೆಕ್ಯಾನಿಕ್ ಎಂದು ಬರೆದ ಬಿಲ್ಲೆ. ಮೂವತ್ತರ ಆಸುಪಾಸಿನವನು. ನೋಡಿದರೆ ತಿಂಗಳುಗಟ್ಟಲೆ ಸರಿಯಾಗಿ ನಿದ್ದೆ ಮಾಡಿದವನಂತೆ ಕಾಣಲಿಲ್ಲ.

ಬೆಳಿಗ್ಗೆ ಹತ್ತೂಕಾಲು. ಅಂಗಡಿ ತೆರೆದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಮೂಲೆಯಲ್ಲಿ ಡಬ್ಬಿಗಳಿಗೆ ಲೇಬಲ್ ಅಂಟಿಸುತ್ತಿದ್ದ ಚಿಕ್ಕಮ್ಮ ಕೈ ನಿಲ್ಲಿಸಿ ಕಿವಿ ನಿಮಿರಿಸಿದಳು.

ಬೀಗ ಹಾಕಿದ ಫೋನಿನ ಪರದೆಯ ಮೇಲೆ ಒಂದು ಮೆಸೇಜು ಹೊಳೆಯುತ್ತಿತ್ತು.

"ಏನೇ, ಎಲ್ಲಿದ್ದೀಯಾ? ಎಷ್ಟು ದಿನ ಆಯ್ತು ನಿನ್ನ ನೋಡಿ! ನಮ್ಮನ್ನ ಮರೆತೇಬಿಟ್ಟೆಯಾ? ಒಂದ್ಸಲ ಇತ್ತ ಬಾ. ನಿನ್ನ ಸೋಪಕ್ಕ."

ಅವಳೇ ಬರೆದದ್ದು! ಹೆಮ್ಮೆಯಿಂದ ಬರೆದದ್ದು. ಎರಡು ತಿಂಗಳಿಂದ ಏನೂ ಕೊಳ್ಳದ ಗಿರಾಕಿಗಳಿಗೆಲ್ಲ ಪ್ರತಿ ಶುಕ್ರವಾರ ಹತ್ತು ಗಂಟೆಗೆ ತಾನೇ ತಾನಾಗಿ ಹೋಗುವ ಮೆಸೇಜು ಅದು. ಆನ್‌ಲೈನ್ ಮಾರ್ಕೆಟಿಂಗ್ ಕ್ಲಾಸಿನಲ್ಲಿ ಕಲಿತಿದ್ದಳು. ಗಿರಾಕಿಯ ಜೊತೆ ಅಂಗಡಿಯವಳ ಹಾಗೆ ಮಾತಾಡಬೇಡಿ, ಅಕ್ಕನ ಹಾಗೆ ಮಾತಾಡಿ ಎಂದಿದ್ದರು ಮೇಷ್ಟರು.

"ನಮ್ಮದೇ ಮೆಸೇಜು. ಏನಾಯ್ತು ಈಗ?"

"ಇದು ನನ್ನ ತಂಗಿ ಫೋನು. ಅವಳು ಸತ್ತು ನಾಲ್ಕು ತಿಂಗಳಾಯ್ತು."

ಅವಳು ಪರದೆಯ ಮೇಲಿನ ಆ ಮೆಸೇಜನ್ನು ಮತ್ತೊಮ್ಮೆ ಓದಿದಳು.

"ರಸ್ತೆ ದಾಟ್ತಿದ್ಲು. ಆಸ್ಪತ್ರೆಯವರು ಬಟ್ಟೆ ಜೊತೆ ಇದನ್ನೂ ಒಂದು ಚೀಲದಲ್ಲಿ ಹಾಕಿ ಕೊಟ್ರು." ಅವನ ದನಿ ಒಂದೇ ಸಮನೆ ಇತ್ತು. "ನಮ್ಮಮ್ಮ ನಂಬಿಲ್ಲ. ಮಗಳು ಹೊರಗೆ ಹೋಗಿದ್ದಾಳೆ ಅಂತಾರೆ. ಪ್ರತಿ ಶುಕ್ರವಾರ ಈ ಫೋನ್ ಟಿಣ್ ಅಂದ ಕೂಡ್ಲೇ ಅವಳ ಚಪ್ಪಲಿ ಒರೆಸಿ ಬಾಗಿಲ ಹತ್ರ ಇಡ್ತಾರೆ. ಇದರ ಬೀಗದ ನಂಬರು ಅಮ್ಮಂಗೆ ಮಾತ್ರ ಗೊತ್ತು, ನಂಗೆ ಹೇಳಲ್ಲ. ಅದಕ್ಕೇ ನನ್ನ ಫೋನಿಂದ ನಿಮಗೆ ಬರೆದೆ, ಕಳಿಸ್ಬೇಡಿ ಅಂತ. ಒಂದಲ್ಲ, ಎರಡಲ್ಲ... ಹದಿನಾಲ್ಕು ಸಲ!"

"ನಾನು... ನೋಡ್ಲೇ ಇಲ್ಲ."

"ಅಂಗಡಿ ಪೇಜಲ್ಲಿ ಬರೆದಾಗ ನೋಡಿದ್ರಲ್ಲ?"

ಆಗ ಅವಳಿಗೆ ಹೊಳೆಯಿತು. ಅಯ್ಯೋ ದೇವರೇ... ಅವನಾ ಇವನು?

ಹತ್ತು ದಿನದ ಹಿಂದೆ ಯಾರೋ ಒಂದೇ ಒಂದು ಸ್ಟಾರ್ ಕೊಟ್ಟು ಬರೆದಿದ್ದರು: "ಸತ್ತವರನ್ನೂ ಬಿಡದ ಅಂಗಡಿ. ಬೇಡ ಅಂದರೂ ಮೆಸೇಜ್ ನಿಲ್ಲಿಸುವುದಿಲ್ಲ." ಎದುರು ಬೀದಿಯ ಸೋಪಿನವರ ಕಿತಾಪತಿ ಎಂದೇ ಅವಳು ತಿಳಿದಿದ್ದಳು. ಹಿಂದೆ ಮುಂದೆ ನೋಡದೆ, ಎಲ್ಲರಿಗೂ ಕಾಣುವ ಹಾಗೆ ಉತ್ತರ ಜಡಿದಿದ್ದಳು.

ಅದನ್ನೀಗ ಅವನು ತನ್ನ ಫೋನು ತೆಗೆದು ಅವಳ ಮುಂದೆಯೇ ಓದಿದ.

"'ಸರ್, ನಮ್ಮ ಪಟ್ಟಿಯಲ್ಲಿ ನಿಮ್ಮ ನಂಬರೇ ಇಲ್ಲ. ಸತ್ತವರು ಸೋಪು ಕೊಳ್ಳೋದಿಲ್ಲ ಅಂತ ನಮಗೂ ಗೊತ್ತು. ಮುಂದಿನ ಸಲ ಸುಳ್ಳು ಹೇಳೋ ಮುಂಚೆ ಮುಖ ತೊಳ್ಕೊಂಡು ಬನ್ನಿ, ಸೋಪು ನಾವೇ ಕೊಡ್ತೀವಿ!' ಮುನ್ನೂರು ಜನ ನಕ್ಕಿದ್ದಾರೆ ಇದಕ್ಕೆ."

ಆ ಮುನ್ನೂರನ್ನು ದಿನಕ್ಕೆ ಹತ್ತು ಸಲ ನೋಡಿ ಖುಷಿಪಟ್ಟವಳು ಅವಳೇ.

ಅವನು ಬಗ್ಗಿ, ನೆಲಕ್ಕೆ ಬಿದ್ದಿದ್ದ ಎರಡು ಸೋಪುಗಳನ್ನು ಎತ್ತಿ ಮತ್ತೆ ಸಾಲಿನಲ್ಲಿ ಇಟ್ಟ. ಬೈದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಆ ಸೋಪನ್ನು ಅವನು ಅಷ್ಟು ಮೆಲ್ಲಗೆ ಇಟ್ಟಿದ್ದನ್ನು ಮಾತ್ರ ತಡೆಯಲಾಗಲಿಲ್ಲ.

ಅವನು ಹೋದ ಮೇಲೆ ಅವಳು ಕಂಪ್ಯೂಟರ್ ತೆರೆದಳು. ಗಿರಾಕಿಗಳ ಉತ್ತರ ಬಂದು ಬೀಳುವ ಜಾಗವೊಂದಿತ್ತು. ಹೂವಿನ ಚಿತ್ರ, ಶುಭೋದಯ ತುಂಬಿ ತಲೆನೋವಾಯಿತೆಂದು ವರ್ಷದ ಹಿಂದೆಯೇ ಅದರ ಸದ್ದು ಅಡಗಿಸಿ ಮುಚ್ಚಿಟ್ಟಿದ್ದಳು. ಮಾತಾಡಿಸುವುದಷ್ಟೇ ಅವಳ ಕೆಲಸವಾಗಿತ್ತು. ಕೇಳಿಸಿಕೊಳ್ಳುವ ಪಾಠ ಮೇಷ್ಟರು ಮಾಡಿದ್ದರೋ ಇಲ್ಲವೋ, ಇವಳಂತೂ ಕಲಿತಿರಲಿಲ್ಲ.

ಅವನ ಹದಿನಾಲ್ಕೂ ಅಲ್ಲೇ ಇದ್ದವು. ಮೊದಲನೆಯದು ಹೀಗಿತ್ತು: "ನಮಸ್ಕಾರ. ದಯವಿಟ್ಟು ನನ್ನ ತಂಗಿಯ ನಂಬರಿಗೆ ಮೆಸೇಜು ಕಳಿಸಬೇಡಿ. ಅವಳು ಇಲ್ಲ. ಮನೆಯಲ್ಲಿ ಕಷ್ಟವಾಗುತ್ತಿದೆ." ಕೊನೆಯದರಲ್ಲಿ ನಮಸ್ಕಾರವೂ ಇರಲಿಲ್ಲ, ದಯವಿಟ್ಟೂ ಇರಲಿಲ್ಲ.

ಅವಳು ಆ ಹುಡುಗಿಯ ನಂಬರನ್ನು ಪಟ್ಟಿಯಿಂದ ಅಳಿಸಿದಳು. ತನ್ನ ಕೊಂಕು ಉತ್ತರವನ್ನೂ ತೆಗೆದಳು. ಅದೇ ಜಾಗದಲ್ಲಿ ಬರೆದಳು: "ಈ ಗಿರಾಕಿ ಹೇಳಿದ್ದು ನಿಜ. ತಪ್ಪು ನನ್ನದು. ನಾನು ಅವರ ನೋವನ್ನು ಗೇಲಿ ಮಾಡಿದೆ. ಕ್ಷಮೆ ಕೇಳುತ್ತೇನೆ. ವಿವರ ಅವರ ಮನೆಯದು, ಅದನ್ನು ಹೇಳುವ ಹಕ್ಕು ನನಗಿಲ್ಲ."

"ಯಾಕೆ ಹೇಳ್ಬಾರ್ದು?" ಚಿಕ್ಕಮ್ಮ ಭುಜದ ಮೇಲಿಂದ ಇಣುಕಿದಳು. "ಆ ಹುಡುಗಿ ಕಥೆ ಹಾಕಿ, ಕೆಳಗೆ ಒಂದು ದೀಪದ ಚಿತ್ರ ಹಾಕು. ಎಷ್ಟು ಜನ ಅಳ್ತಾರೆ ನೋಡು! ಅಂಗಡಿಗೆ ಬಂದ ಕೆಟ್ಟ ಹೆಸರೂ ಹೋಗತ್ತೆ."

"ಚಿಕ್ಕಮ್ಮಾ... ಅದು ನಮ್ಮ ಅಂಗಡಿ ಸಾಮಾನಲ್ಲ."

ಮೊನ್ನೆ ನಕ್ಕ ಮುನ್ನೂರು ಜನರೇ ಈಗ ಅವಳನ್ನು ಬಾಯಿಗೆ ಬಂದಂತೆ ಬೈದರು. ಒಂದೊಂದನ್ನೂ ಅವಳು ಓದಿದಳು. ಓದದೇ ಬಿಡುವ ಧೈರ್ಯ ಈಗ ಅವಳಿಗಿರಲಿಲ್ಲ.

*

ಎರಡು ಶುಕ್ರವಾರ ಕಳೆದ ಮೇಲೆ ಅವನು ಮತ್ತೆ ಬಂದ. ಈ ಸಲ ಬಾಗಿಲಲ್ಲೇ ನಿಂತ.

"ಒಳಗೆ ಬರ್ಲಾ?"

"ಬನ್ನಿ..."

"ಆ ಮೆಸೇಜು..." ಅವನು ತಡವರಿಸಿದ. "ಮತ್ತೆ ಕಳಿಸ್ತೀರಾ?"

ಅವಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ.

"ಅಮ್ಮ ಊಟ ಬಿಟ್ಟಿದ್ದಾರೆ. ಮೊದಲೇ ಹೃದಯದ ಕಾಯಿಲೆ. ಶುಕ್ರವಾರ ಬೆಳಿಗ್ಗೆಯಿಂದ ಆ ಫೋನ್ ತೊಡೆ ಮೇಲಿಟ್ಕೊಂಡು ಕೂತ್ಕೋತಾರೆ. 'ಸೋಪಕ್ಕ ಯಾಕೋ ಬರೀಲಿಲ್ಲ, ಅವಳಿಗೇನಾಯ್ತೋ' ಅಂತ ಚಿಂತೆ. ನಿಲ್ಲಿಸಿ ಅಂತ ನಾನೇ ಕೂಗಾಡಿದೆ... ಈಗ ನಾನೇ ಬೇಡ್ತಿದ್ದೀನಿ."

ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ. ಅವನ ಬೆರಳ ಸಂದುಗಳಲ್ಲಿ ಕಪ್ಪು ಗ್ರೀಸು ಕೂತಿತ್ತು. ಅವಳು ಒಂದು ತುಂಡು ಸೋಪನ್ನು ಅವನ ಕೈಗಿಟ್ಟು ಹಿಂದಿನ ನಲ್ಲಿ ತೋರಿಸಿದಳು. ಅವನು ಕೈ ತೊಳೆಯುವಷ್ಟರಲ್ಲಿ, ಅವಳಿಗೊಂದು ಅನುಮಾನ ಬಂತು: ಆ ಅಮ್ಮ ಎಂದಾದರೂ ಉತ್ತರ ಕೊಟ್ಟಿರಬಹುದೇ?

ಪಟ್ಟಿಯಿಂದ ನಂಬರು ಅಳಿಸಿದರೂ ಬಂದ ಉತ್ತರಗಳು ಅಳಿಸಿಹೋಗಿರಲಿಲ್ಲ. ಅವಳು ತಂಗಿಯ ನಂಬರನ್ನು ಹುಡುಕಿದಳು. ಒಂದರ ಕೆಳಗೊಂದು, ಪ್ರತಿ ಶುಕ್ರವಾರದ ತಾರೀಖು ಹೊತ್ತ ದನಿ ಮೆಸೇಜುಗಳು!

ಮೊದಲನೆಯದನ್ನು ಒತ್ತಿದಳು.

"ಸೋಪಕ್ಕಾ, ನಾನು ಅವಳ ಅಮ್ಮ ಕಣಮ್ಮಾ. ಅವಳು ಹೊರಗೆ ಹೋಗಿದ್ದಾಳೆ. ಬಂದ ಕೂಡ್ಲೇ ಹೇಳ್ತೀನಿ."

ಅವನು ಒದ್ದೆ ಕೈಯಲ್ಲೇ ಓಡಿಬಂದ. ಇಬ್ಬರೂ ನಿಂತು ಕೇಳಿದರು.

"ಇನ್ನೂ ಬಂದಿಲ್ಲ ಕಣೇ. ನೀನೂ ಕಾಯ್ತಿದ್ದೀಯಲ್ಲ, ಅಷ್ಟೇ ಸಮಾಧಾನ."

"ಅವಳ ಗೆಳತಿಯರು ಒಬ್ರೂ ಫೋನ್ ಮಾಡಲ್ಲ. ಮಗನೂ ಅವಳ ಹೆಸರೆತ್ತಲ್ಲ. ಎಲ್ಲಿದ್ದೀಯಾ ಅಂತ ಕೇಳೋಳು ನೀನೊಬ್ಳೇ ತಾಯಿ..."

ಅವನು ಗೋಡೆಗೆ ಒರಗಿ ಕುಸಿದು ಕೂತ. ಡಬ್ಬಿಗಳ ನಡುವೆ ಕೂತಿದ್ದ ಚಿಕ್ಕಮ್ಮ ಲೇಬಲ್ಲನ್ನು ತಲೆಕೆಳಗಾಗಿ ಅಂಟಿಸಿದಳು.

'ಇಷ್ಟು ದಿನ ಆ ತಾಯಿ ಮಾತಾಡ್ತಿದ್ದದ್ದು ಯಾರ ಜೊತೆ? ನನ್ನ ಜೊತೆಯಾ? ನಾನು ಆ ಹೊತ್ತಿಗೆ ಸೋಪು ಕತ್ತರಿಸ್ತಿದ್ದೆ...'

"ಕಳಿಸ್ತೀರಲ್ವಾ?" ಅವನ ದನಿ ಒಡೆದಿತ್ತು.

"ಇಲ್ಲ. ಮೆಷಿನ್ನಿಂದ ಕಳಿಸಲ್ಲ. ಅಮ್ಮನ ಹತ್ರ ನಾನೇ ಬರ್ತೀನಿ."

*

ನಾಲ್ಕನೇ ಮಹಡಿ. ದಿನವಿಡೀ ಊರಿನ ಲಿಫ್ಟು ರಿಪೇರಿ ಮಾಡುವವನ ಕಟ್ಟಡಕ್ಕೇ ಲಿಫ್ಟಿರಲಿಲ್ಲ. ಮೆಟ್ಟಿಲು ಹತ್ತಿ ಅವಳಿಗೆ ಏದುಸಿರು ಬಂದಿತ್ತು. ಬಾಗಿಲ ಪಕ್ಕ, ಒರೆಸಿಟ್ಟ ಒಂದು ಜೊತೆ ಹೆಣ್ಣು ಚಪ್ಪಲಿ.

ಕಿಟಕಿಯ ಬಳಿ ಮಂಚದಲ್ಲಿ ಕೂತಿದ್ದ ಹೆಂಗಸು ತಲೆಯೆತ್ತಿ ಮೂಗರಳಿಸಿದರು.

"ಸೋಪಿನ ವಾಸನೆ... ಸೋಪಕ್ಕ ಅಲ್ವೇನೇ ನೀನು! ಬಾ ಬಾ. ಹುಷಾರಿಲ್ವೇನೋ ಅಂದ್ಕೊಂಡಿದ್ದೆ." ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಹೇಳು, ಅವಳನ್ನ ಕೊನೇ ಸಲ ಯಾವಾಗ ನೋಡಿದೆ? ಏನಂದ್ಲು?"

ಅವಳು ನೆನಪಿನ ಮೂಲೆ ಮೂಲೆ ತಡಕಿದಳು. ಕೌಂಟರಿನ ಆಚೆ ಎಷ್ಟು ಮುಖಗಳು... ಆ ಹುಡುಗಿ ಉದ್ದ ಜಡೆಯವಳೋ, ಕನ್ನಡಕದವಳೋ? ಏನೂ, ಏನೂ ನೆನಪಾಗಲಿಲ್ಲ. ಒಂದು ಸುಳ್ಳು ಹೇಳಿದರೆ ಸಾಕಿತ್ತು. ಬಾಗಿಲಲ್ಲಿ ನಿಂತವನ ಕಣ್ಣೂ ಅದನ್ನೇ ಬೇಡುತ್ತಿತ್ತು.

"ಅಮ್ಮಾ... ನಂಗೆ ಅವಳ ಮುಖ ನೆನಪಿಲ್ಲ."

"ಏನಂದೆ?"

"ಆ ಮೆಸೇಜು ಕಳಿಸ್ತಿದ್ದದ್ದು ನಾನಲ್ಲಮ್ಮಾ, ಮೆಷಿನ್ನು. ಒಂದೇ ಮಾತು ಎಂಟುನೂರು ಜನಕ್ಕೆ ಹೋಗ್ತಿತ್ತು. ನೀವು ಮಾತಾಡಿದ್ದು ಯಾವುದನ್ನೂ ನಾನು ಕೇಳಿರ್ಲಿಲ್ಲ. ಮೊನ್ನೆವರೆಗೂ ಅವಳು ಇಲ್ಲ ಅನ್ನೋದೂ ಗೊತ್ತಿರ್ಲಿಲ್ಲ. ನನ್ನನ್ನ ಕ್ಷಮಿಸಿ."

ಹಿಡಿದಿದ್ದ ಕೈ ಮೆಲ್ಲಗೆ ಸಡಿಲವಾಯಿತು.

"ಎಂಟುನೂರು ಜನಕ್ಕೂ... ಎಲ್ಲಿದ್ದೀಯಾ ಅಂತಾನಾ?"

"ಹೂಂ."

ಅಮ್ಮ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

ಅವನು ಮೆಟ್ಟಿಲವರೆಗೂ ಅವಳ ಹಿಂದೆ ಬಂದ. ಕೋಪದಲ್ಲಿ ಮುಖ ಬಿಳಿಚಿತ್ತು.

"ನಿಮ್ಮ ಮನಸ್ಸು ಹಗುರ ಆಯ್ತಾ? ಅದಕ್ಕೇ ಬಂದ್ರಲ್ವಾ? ನಮ್ಮಮ್ಮಂಗೆ ಉಳಿದಿದ್ದು ಅದೊಂದೇ ಇತ್ತು, ಅದನ್ನೂ ಕಿತ್ಕೊಂಡ್ರಿ. ಅವರಿಗೇನಾದ್ರೂ ಆದ್ರೆ... ಹೋಗಿ. ಇನ್ನು ಈ ಕಡೆ ಬರಬೇಡಿ!"

ಅವಳು ನಾಲ್ಕು ಮಹಡಿಯನ್ನೂ ಗೋಡೆ ಹಿಡಿದುಕೊಂಡೇ ಇಳಿದಳು. ಅವನು ಹೇಳಿದ್ದರಲ್ಲಿ ಅರ್ಧ ನಿಜವಿರಬಹುದೆಂಬ ಭಯ ಅವಳ ಜೊತೆಗೇ ಇಳಿದುಬಂತು. 'ಆ ತಾಯಿಗೆ ಏನಾದ್ರೂ ಆದ್ರೆ ನಾನು ಬದುಕಿದ್ದೂ ಸತ್ತ ಹಾಗೆ...'

ಆ ವಾರ ಅವಳು ಒಂದು ಸೋಪನ್ನೂ ಮಾಡಲಿಲ್ಲ. ತಾನೇ ತಾನಾಗಿ ಹೋಗುವ ಮೆಸೇಜುಗಳನ್ನೆಲ್ಲ ನಿಲ್ಲಿಸಿದಳು. ಎಂಟುನೂರು ಜನಕ್ಕೂ ಒಬ್ಬೊಬ್ಬರಿಗೆ ಕೈಯಾರೆ ಬರೆದಳು, "ನಿಮಗೆ ನಮ್ಮ ಮೆಸೇಜು ಬೇಕೇ?" ಎಂದು. ಬೇಕು ಎಂದವರು ನೂರಾ ಹನ್ನೊಂದು ಜನ.

"ಅಂಗಡಿ ಮುಚ್ಚೋ ಹುನ್ನಾರ ಇದು," ಎಂದು ಗೊಣಗಿದಳು ಚಿಕ್ಕಮ್ಮ. ಗೊಣಗುತ್ತಲೇ ಅರ್ಧ ಪಟ್ಟಿಯನ್ನು ತಾನೇ ಕೂತು ಬರೆದುಕೊಟ್ಟಳು.

*

ಒಂಬತ್ತನೇ ದಿನ, ಶುಕ್ರವಾರ, ಹತ್ತು ಗಂಟೆ. ಅವಳ ಫೋನು ಟಿಣ್ ಎಂದಿತು. ಆ ಒಡೆದ ಫೋನಿನ ನಂಬರು!

ಒತ್ತಿದಳು.

"ಸೋಪಕ್ಕಾ... ನನ್ನ ಮಗಳು ಸತ್ತು ಐದು ತಿಂಗಳಾಯ್ತು ಕಣಮ್ಮಾ." ಮೂಗೊರೆಸಿಕೊಂಡ ಸದ್ದು ಕೇಳಿಸಿತು. "ಅವಳ ನಂಬರು ನಿನ್ನ ಪಟ್ಟಿಯಿಂದ ತೆಗಿ. ನನ್ನ ನಂಬರು ಹೇಳ್ತೀನಿ, ಬರ್ಕೋ. ಮೆಷಿನ್ ಕೈಲಿ ಮಾತ್ರ ಕಳಿಸ್ಬೇಡ."

ಅವಳು ಕೌಂಟರಿಗೆ ಹಣೆ ಇಟ್ಟು ಅತ್ತಳು. ಅತ್ತು ಮುಗಿಸಿ ಆ ನಂಬರಿಗೆ ಟೈಪ್ ಮಾಡಿದಳು: "ಅಮ್ಮಾ, ಊಟ ಮಾಡಿದ್ರಾ? ಇದು ನಾನೇ." ಎರಡು ನಿಮಿಷಕ್ಕೆ ಉತ್ತರ ಬಂತು: "ಇಲ್ಲ. ನೀನು ಬಂದ್ರೆ ಮಾಡ್ತೀನಿ."

ಅವರ ಕಟ್ಟಡದ ಕೆಳಗಿನ ಬಾಗಿಲಲ್ಲಿ ಅವನು ಕಾಯುತ್ತಿದ್ದ.

"ನೀವು ಹೋದ ಮೇಲೆ ಅಮ್ಮ ಅತ್ರು," ಎಂದ. "ಐದು ತಿಂಗಳಲ್ಲಿ ಮೊದಲ ಸಲ. ನಾನೂ ಅತ್ತೆ. ಇಬ್ರೂ ಕೂತು ಅವಳ ಹೆಸರು ಹೇಳ್ಕೊಂಡು ಅತ್ವಿ. ಅವತ್ತು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ... ತಪ್ಪಾಯ್ತು. ಪೇಜಲ್ಲಿ ನೀವು ಬರೆದಿದ್ದೂ ಓದಿದೆ. ನಮ್ಮ ಕಥೆ ಹಾಕಿ ಅಂಗಡಿ ಉಳಿಸ್ಕೋಬಹುದಿತ್ತು. ನೀವು ಹಾಕ್ಲಿಲ್ಲ."

ಆ ದಿನದಿಂದ ಪ್ರತಿ ಶುಕ್ರವಾರ ಅವಳು ಆ ಮೆಟ್ಟಿಲು ಹತ್ತಿದಳು. ಅಂಗಡಿಯ ಹಳೇ ಪಟ್ಟಿಯಲ್ಲಿ ಆ ಹುಡುಗಿ ಕೊಂಡದ್ದರ ಪಕ್ಕದಲ್ಲಿ ತಾನೇ ಬರೆದಿಟ್ಟಿದ್ದ ಟಿಪ್ಪಣಿ ಅವಳಿಗೆ ಸಿಕ್ಕಿತ್ತು: ಕಿತ್ತಳೆ-ಲವಂಗದ ಸೋಪು, ಅಮ್ಮನಿಗೆ. ಹೆಚ್ಚು ಜನ ಕೊಳ್ಳುತ್ತಿಲ್ಲವೆಂದು ಅವಳು ಮಾಡುವುದನ್ನೇ ಬಿಟ್ಟಿದ್ದ ಸೋಪದು.

"ಮತ್ತೆ ಮಾಡ್ತೀನಮ್ಮಾ. ಆದ್ರೆ ಮಾಗೋಕೆ ಆರು ವಾರ ಬೇಕು. ಅಲ್ಲೀವರೆಗೆ ಮೈಗೆ ಹಚ್ಚೋ ಹಾಗಿಲ್ಲ."

"ಮಾಡು. ಕಾಯೋದು ನಂಗೆ ರೂಢಿಯಾಗಿದೆ." ಅಮ್ಮ ಮಗನ ಕಡೆ ನೋಡಿ ಕಣ್ಣು ಕಿರಿದು ಮಾಡಿದರು. "ಇವನ ಕೈ ಗ್ರೀಸು ಹೋಗೋ ಸೋಪೂ ಒಂದು ಮಾಡು ತಾಯಿ. ಹುಡುಗಿ ಸಿಗ್ಲಿ ಇವನಿಗೆ!"

"ಅಮ್ಮಾ..." ಅವನ ಕಿವಿ ಕೆಂಪಾಯಿತು. ಅವಳು ಸುಮ್ಮನೆ ಚೀಲದಲ್ಲಿ ಏನೋ ಹುಡುಕತೊಡಗಿದಳು. ಚೀಲದಲ್ಲಿ ಹುಡುಕುವಂಥದ್ದೇನೂ ಇರಲಿಲ್ಲ.

ಆ ಸೋಪನ್ನು ಕಲಸಿ ಅಚ್ಚಿಗೆ ಹುಯ್ದ ದಿನ ಅವನೂ ಅಂಗಡಿಗೆ ಬಂದಿದ್ದ. ಕೈಗವಸು ಹಾಕಿಸಿ, ಚಮಚ ಕೊಟ್ಟು, ಹೇಗೆ ತಿರುಗಿಸಬೇಕೆಂದು ಅವಳು ಅವನ ಮಣಿಕಟ್ಟು ಹಿಡಿದು ತೋರಿಸಿದಳು. ತೋರಿಸಿ ಮುಗಿದ ಮೇಲೂ ಕೈ ಬಿಡಲು ಸ್ವಲ್ಪ ಹೊತ್ತಾಯಿತು. ಅವನೂ ಬಿಡಿಸಿಕೊಳ್ಳಲಿಲ್ಲ.

ಆದರೆ ಅಮ್ಮನ ಹೃದಯಕ್ಕೆ ಆರು ವಾರದಷ್ಟು ಶಕ್ತಿ ಉಳಿದಿರಲಿಲ್ಲ. ಐದನೇ ವಾರದ ಶುಕ್ರವಾರ, ಅವಳು "ಅಮ್ಮಾ, ಎದ್ರಾ?" ಎಂದು ಟೈಪ್ ಮಾಡಿದಳು. ಉತ್ತರ ಬಂದದ್ದು ಅಮ್ಮನ ಫೋನಿನಿಂದಲೇ. ಬರೆದವನು ಅವನು.

"ಅಮ್ಮ ಬೆಳಗಿನ ಜಾವ ಹೋದರು. ಈ ನಂಬರು ಪಟ್ಟಿಯಿಂದ ತೆಗೆದುಬಿಡಿ."

ಅವಳು ಮೆಟ್ಟಿಲು ಹತ್ತಿ ಹೋದಳು. ಜನರ ಹಿಂದೆ ನಿಂತಳು. ಅಮ್ಮನ ಮುಖ ನೋಡಿದಳು, ಈ ಮುಖವನ್ನಾದರೂ ಮರೆಯಬಾರದೆಂದು ಚೆನ್ನಾಗಿ ನೋಡಿದಳು. ಬಂಧುಗಳ ನಡುವೆ ಅವನು ಇವಳತ್ತ ತಿರುಗಲಿಲ್ಲ. ಅವಳು ಮನೆಗೆ ಬಂದು ನಂಬರನ್ನು ತೆಗೆದಳು.

*

ಸೋಪು ಮಾಗಿತು. ಅವಳು ಅದನ್ನು ಕಾಗದದಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಳು. ಅವನಿಂದ ಸುದ್ದಿ ಇರಲಿಲ್ಲ.

"ನೀನೇ ಒಂದು ಮೆಸೇಜು ಹಾಕ್ಬಾರ್ದೇನೇ?" ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ.

"ತೆಗೆದುಬಿಡಿ ಅಂದಿದ್ದಾರೆ ಚಿಕ್ಕಮ್ಮಾ. ಬೇಡ ಅಂದವರಿಗೆ ಇನ್ನು ಜನ್ಮದಲ್ಲಿ ಬರೆಯಲ್ಲ."

ಮೂರು ವಾರ ಹೀಗೇ ಹೋಯಿತು. ರಾತ್ರಿ ಹಗಲೆನ್ನದೆ ಅವನ ಹದಿನಾಲ್ಕು ಮೆಸೇಜುಗಳನ್ನು ಅವಳು ಓದಿದ್ದೇ ಓದಿದ್ದು. ಬೈದು ಬರೆದವನ್ನೂ ಬಿಡದೆ ಓದಿದಳು ನಮ್ಮ ಸೋಪಕ್ಕ!

ನಾಲ್ಕನೇ ಶುಕ್ರವಾರ, ಹತ್ತೂಕಾಲಿಗೆ ಬಾಗಿಲು ತೆರೆಯಿತು. ನೀಲಿ ಯೂನಿಫಾರ್ಮು. ಮೊದಲಿಗಿಂತ ಸೊರಗಿದ್ದ.

"ಮೂರು ಶುಕ್ರವಾರ ಫೋನ್ ಹಿಡ್ಕೊಂಡು ಕೂತಿದ್ದೆ," ಎಂದ, ಬಾಗಿಲಲ್ಲೇ ನಿಂತು. "ಹತ್ತು ಗಂಟೆಗೆ. ಅಮ್ಮನ ಹಾಗೇನೇ. ಒಂದು ಮಾತೂ ಬರೀಲಿಲ್ಲ ನೀವು."

"ನೀವೇ ಅಲ್ವಾ ತೆಗೀರಿ ಅಂದಿದ್ದು?"

"ಅಮ್ಮನ ನಂಬರು ತೆಗೀರಿ ಅಂದೆ. ಯಾರಾದ್ರೂ ಅವರನ್ನ ಎದ್ರಾ ಅಂತ ಕೇಳೋದನ್ನ ನೋಡೋಕಾಗ್ದೆ ಅಂದೆ. ನನ್ನನ್ನ ತೆಗೀರಿ ಅಂದ್ನಾ?"

"ನಿಮ್ಮ ನಂಬರು ನನ್ನ ಪಟ್ಟೀಲಿ ಯಾವತ್ತೂ ಇರ್ಲಿಲ್ಲ. ಕೇಳದೆ ಹೇಗೆ ಬರೀಲಿ? ಇನ್ನೊಂದ್ಸಲ ನಿಮ್ಮ ಮನೆಗೆ ನೋವು ಕೊಡೋ ಶಕ್ತಿ ನಂಗಿಲ್ಲ..."

"ಮನೇಲಿ ಯಾರಿದ್ದಾರೆ ಈಗ? ನಾನೊಬ್ನೇ." ಅವನು ಒಂದು ಹೆಜ್ಜೆ ಒಳಗೆ ಬಂದ. "ಬಾಗಿಲ ಹತ್ರ ಎರಡು ಜೊತೆ ಚಪ್ಪಲಿ ಇದೆ. ಎತ್ತಿಡೋಕೂ ಆಗ್ತಿಲ್ಲ. ನೀವು ಬಂದ್ರೆ ಇಬ್ರೂ ಸೇರಿ ಎತ್ತಿಡಬಹುದು ಅಂದ್ಕೊಂಡೆ. ನೀವಿಲ್ದೆ... ನಂಗೆ ಆಗ್ತಿಲ್ಲ."

ಅವಳು ಕಪಾಟಿನಿಂದ ಆ ಪೊಟ್ಟಣ ತೆಗೆದು ಅವನ ಕೈಗಿಟ್ಟಳು. ಬಿಚ್ಚುವಷ್ಟರಲ್ಲಿ ಕಿತ್ತಳೆ, ಲವಂಗದ ವಾಸನೆ ಅಂಗಡಿಯಲ್ಲಿ ಹರಡಿತು. ಅವನು ಅದನ್ನು ಮುಖಕ್ಕೆ ಒತ್ತಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತ. ಅವಳು ಕೌಂಟರ್ ದಾಟಿ ಬಂದು ಅವನ ತಲೆಯನ್ನು ಭುಜಕ್ಕೆ ಒರಗಿಸಿಕೊಂಡಳು. ಚಿಕ್ಕಮ್ಮ ಲೇಬಲ್ಲಿನ ಡಬ್ಬಿ ಎತ್ತಿಕೊಂಡು ಸದ್ದಿಲ್ಲದೆ ಹಿಂದಿನ ಕೋಣೆಗೆ ಹೋದಳು.

ಅಳು ನಿಂತ ಮೇಲೆ ಅವನು ಕೇಳಿದ, "ಈಗ ನಾನೇ ಕೇಳ್ತಿದ್ದೀನಿ. ನನ್ನ ನಂಬರು ಬರ್ಕೋತೀರಾ?"

"ಬರ್ಕೊಳೋದೇನು... ಬಾಯಿಪಾಠ ಆಗಿದೆ."

ಅವಳು ತನ್ನ ಫೋನು ತೆಗೆದು ಏನೋ ಟೈಪ್ ಮಾಡಿದಳು. ಅವನ ಜೇಬಿನಲ್ಲಿ ಟಿಣ್ ಎಂದಿತು. ಅವನ ಮೊಟ್ಟಮೊದಲ ಮೆಸೇಜಿನ ಕೆಳಗೆ, ಇಷ್ಟು ತಿಂಗಳಾದ ಮೇಲೆ, ಉತ್ತರ ಬಂದಿತ್ತು: "ಓದಿದೆ. ತುಂಬಾ ತಡವಾಯ್ತು. ಕ್ಷಮಿಸು."

"ಕ್ಷಮಿಸು?" ಒದ್ದೆ ಕಣ್ಣಲ್ಲೇ ಅವನು ನಕ್ಕ. "ಇನ್ನೂ ಹದಿಮೂರಕ್ಕೆ ಉತ್ತರ ಬರಬೇಕು."

"ವಾರಕ್ಕೊಂದು ಬರೀತೀನಿ."

"ಅದೂ ಮುಗಿದ ಮೇಲೆ?"

"ಆಮೇಲೆ ದಿನಾ ಕೇಳ್ತೀನಿ... ಎಲ್ಲಿದ್ದೀಯಾ ಅಂತ. ನಾನೇ ಕೇಳ್ತೀನಿ."

ಅವನು ಅವಳ ಕೈಯನ್ನು ತನ್ನ ಗ್ರೀಸಿನ ಕೈಯೊಳಗೆ ತೆಗೆದುಕೊಂಡ.

"ಇಲ್ಲೇ ಇದ್ದೀನಿ."